ಒಂದು ಹೆಜ್ಜೆ ಪಕ್ಕಕ್ಕೆ: ಡಾನ್ ರಿಚ್ ಮತ್ತು ಬೇಕರ್ಸ್‌ಫೀಲ್ಡ್‌ನ ಸಂಗೀತ



ಸಂಗೀತದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇದಿಕೆಯ ನಡುವೆ ನಿಂತವರ ಹೆಸರಿನಲ್ಲಿ ಬರೆಯುತ್ತೇವೆ. ಈ ಸಂಜೆ ನಾನು ಆರಿಸಿಕೊಂಡಿರುವುದು ಅಲ್ಲಿಂದ ಒಂದು ಹೆಜ್ಜೆ ಪಕ್ಕಕ್ಕೆ ನಿಂತಿದ್ದ ಒಬ್ಬ ವಾದಕನನ್ನು. ಅಮೆರಿಕದ ಕಂಟ್ರಿ ಸಂಗೀತದಲ್ಲಿ ಇಂಥವರನ್ನು ‘ಸೈಡ್‌ಮನ್’ ಎನ್ನುತ್ತಾರೆ. ನಮ್ಮ ‘ಪಕ್ಕವಾದ್ಯ’ ಎಂಬ ಮಾತು ಇದಕ್ಕೆ ಬಹಳ ಹತ್ತಿರದ್ದು. ಆದರೆ ನಮ್ಮಲ್ಲಿ ಕಛೇರಿಯ ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರಿನ ಕೆಳಗೆ ಪಿಟೀಲು ಯಾರದು, ಮೃದಂಗ ಯಾರದು ಎಂಬುದಾದರೂ ಅಚ್ಚಾಗಿರುತ್ತದೆ. ಐವತ್ತು, ಅರವತ್ತರ ದಶಕಗಳ ಕಂಟ್ರಿ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಅಷ್ಟು ಸೌಜನ್ಯವೂ ಅಪರೂಪವಾಗಿತ್ತು. ದಿನಗೂಲಿಯ ಲೆಕ್ಕದಲ್ಲಿ ಸ್ಟುಡಿಯೋಗೆ ಬಂದು, ನುಡಿಸಿ, ಹಣ ಪಡೆದು ಹೋದ ನೂರಾರು ಬೆರಳುಗಳ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಉಳಿದಿದೆ.

ಡಾನ್ ರಿಚ್‌ನ ಕಥೆ ಆರಂಭವಾಗಬೇಕಾದದ್ದು ಅವನಿಂದಲ್ಲ, ಒಂದು ಊರಿನಿಂದ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ದಕ್ಷಿಣದ ತುದಿಯಲ್ಲಿದೆ ಬೇಕರ್ಸ್‌ಫೀಲ್ಡ್. ಹತ್ತಿ, ದ್ರಾಕ್ಷಿ ಮತ್ತು ಎಣ್ಣೆಬಾವಿಗಳ ಊರು. ಮೂವತ್ತರ ದಶಕದಲ್ಲಿ ಬರಗಾಲ, ಧೂಳುಗಾಳಿ ಮತ್ತು ಸಾಲದಿಂದ ನೆಲೆ ತಪ್ಪಿದ ಓಕ್ಲಹೋಮ, ಟೆಕ್ಸಸ್, ಆರ್ಕನ್ಸಾದ ರೈತ ಕುಟುಂಬಗಳು ಅಲ್ಲಿಗೆ ಬಂದವು. ‘ಓಕಿ’ ಎಂಬುದು ಆಗ ಬೈಗುಳ. ಅವರ ಬವಣೆಯನ್ನು ಬರೆದ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು 1939ರಲ್ಲಿ ಆ ಕೌಂಟಿಯ ಆಡಳಿತ ಮಂಡಳಿಯೇ ತನ್ನ ಗ್ರಂಥಾಲಯಗಳಿಂದ, ಶಾಲೆಗಳಿಂದ ನಿಷೇಧಿಸಿತು. ಬಕ್ ಓವೆನ್ಸ್ ಇದೇ ವಲಸೆಯ ಮಗು. 1929ರಲ್ಲಿ ಟೆಕ್ಸಸ್‌ನ ಗೇಣಿದಾರ ಕುಟುಂಬದಲ್ಲಿ ಹುಟ್ಟಿದ. 1937ರಲ್ಲಿ ಪಶ್ಚಿಮಕ್ಕೆ ಹೊರಟ ಆ ಕುಟುಂಬ ದಾರಿಯಲ್ಲಿ ಬಂಡಿ ಕೈಕೊಟ್ಟು ಅರಿಜೋನದ ಮೇಸಾದಲ್ಲೇ ನಿಂತಿತು. ಬೇಕರ್ಸ್‌ಫೀಲ್ಡ್‌ಗೆ ಅವನು ತಲುಪಿದ್ದು 1951ರಲ್ಲಿ. ಅಲ್ಲಿನ ‘ಬ್ಲ್ಯಾಕ್‌ಬೋರ್ಡ್’ ಎಂಬ ಕುಡಿತದ ಮನೆಯಲ್ಲಿ ರಾತ್ರಿಯಿಡೀ ನುಡಿಸುತ್ತ, ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೋದಲ್ಲಿ ಬೇರೆಯವರ ಹಾಡುಗಳಿಗೆ ಗಿಟಾರ್ ಒದಗಿಸುತ್ತ ವರ್ಷಗಳನ್ನು ಕಳೆದ. ಅಂದರೆ ಓವೆನ್ಸ್ ತಾನೇ ಒಬ್ಬ ಸೈಡ್‌ಮನ್ ಆಗಿದ್ದವನು. ಮುಂದಿನ ಕಥೆಗೆ ಇದು ಮುಖ್ಯ.

ಡಾನ್ ರಿಚ್ ಈ ವಲಸೆಯವನಲ್ಲ. 1941ರಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಹುಟ್ಟಿದ. ಹುಟ್ಟುಹೆಸರು ಡೊನಾಲ್ಡ್ ಯೂಜೀನ್ ಉಲ್ರಿಚ್. ಬಾಲ್ಯದಿಂದಲೇ ಪಿಟೀಲು ಕಲಿತವನು. ಐವತ್ತರ ದಶಕದ ಕೊನೆಯಲ್ಲಿ ಓವೆನ್ಸ್ ಟಕೋಮಾದ ಕಡೆ ರೇಡಿಯೋ ಕೆಲಸಕ್ಕೆಂದು ಬಂದಾಗ ಈ ಹದಿಹರೆಯದ ಪಿಟೀಲುವಾದಕ ಅವನ ಕಣ್ಣಿಗೆ ಬಿದ್ದ. ಸಂಗೀತದ ಮೇಷ್ಟರಾಗಬೇಕೆಂದು ಕಾಲೇಜು ಸೇರಿದ್ದ ಹುಡುಗ ಓದು ಬಿಟ್ಟು, 1960ರ ಕೊನೆಯಲ್ಲಿ ಬೇಕರ್ಸ್‌ಫೀಲ್ಡ್‌ಗೆ ನಡೆದ. ಮೊದಮೊದಲು ಇಬ್ಬರೇ ಊರೂರು ತಿರುಗಿ, ಸ್ಥಳೀಯ ವಾದ್ಯಗಾರರನ್ನು ಕೂಡಿಸಿಕೊಂಡು ಹಾಡುತ್ತಿದ್ದರು. ಈ ಪ್ರಯಾಣಗಳಲ್ಲಿಯೇ ಓವೆನ್ಸ್ ತನ್ನ ಗಿಟಾರ್ ಪಟ್ಟುಗಳನ್ನು ಡಾನ್‌ಗೆ ದಾಟಿಸಿದ; ಕ್ರಮೇಣ ತನ್ನ ಟೆಲಿಕಾಸ್ಟರ್ ಗಿಟಾರಿನ ಮುಖ್ಯ ಕೆಲಸವನ್ನೇ ಅವನಿಗೆ ಒಪ್ಪಿಸಿದ. ಪಿಟೀಲಿನವನು ಗಿಟಾರಿನವನಾದ. ತಂಡಕ್ಕೆ ‘ಬಕರೂಸ್’ ಎಂಬ ಹೆಸರನ್ನು ಸೂಚಿಸಿದವನು ಕೆಲವೇ ವಾರ ಅಲ್ಲಿ ಬೇಸ್ ನುಡಿಸಿದ್ದ ಮರ್ಲ್ ಹ್ಯಾಗರ್ಡ್.

ಆ ಕಾಲದಲ್ಲಿ ನ್ಯಾಶ್‌ವಿಲ್ ಕಂಟ್ರಿ ಸಂಗೀತಕ್ಕೆ ವಯೊಲಿನ್‌ಗಳ ಹಿನ್ನೆಲೆ, ಕೋರಸ್ ತೊಡಿಸಿ ಅದನ್ನು ನಗರದ ದಿವಾನಖಾನೆಗೆ ಒಗ್ಗಿಸುತ್ತಿತ್ತು. ಬೇಕರ್ಸ್‌ಫೀಲ್ಡ್‌ನವರು ಬೇರೆ ದಾರಿ ಹಿಡಿದರು. ಗದ್ದಲದ ನೃತ್ಯಶಾಲೆಯಲ್ಲಿ ದಣಿದ ಕೂಲಿಗಾರರಿಗೆ ಕೇಳಿಸಬೇಕಾದರೆ ವಾದ್ಯ ಗಟ್ಟಿಯಾಗಿರಬೇಕು, ತಾಳ ನೇರವಾಗಿರಬೇಕು. ಟೆಲಿಕಾಸ್ಟರ್ ಎಂಬುದು ಒಂದೇ ಹಲಗೆಯಂಥ ಗಟ್ಟಿ ಮರದ ವಿದ್ಯುತ್ ಗಿಟಾರ್. ಅದೂ ಕ್ಯಾಲಿಫೋರ್ನಿಯಾದ ಕಾರ್ಖಾನೆಯದೇ. ಅದರ ಸೇತುವೆಯ ಬಳಿಯ ಪಿಕಪ್‌ನಿಂದ ಬರುವ ದನಿ ತೆಳುವಲ್ಲ, ಹರಿತ. ಎಎಂ ರೇಡಿಯೋದ, ಕಾರಿನ ಪುಟ್ಟ ಸ್ಪೀಕರಿನಲ್ಲೂ ಅದು ಮಸುಕಾಗುತ್ತಿರಲಿಲ್ಲ. ಅದರ ಮೇಲೆ ಡಾನ್ ಅನವಶ್ಯಕವಾಗಿ ಒಂದು ಸ್ವರವನ್ನೂ ಸುರಿಯಲಿಲ್ಲ. ಹಾಡಿನ ಸಾಲು ಮುಗಿಯುವ ತನಕ ಕಾದು, ಬಿಟ್ಟ ಬಿಡುವಿನಲ್ಲಿ ಎರಡು ಮಾತಾಡಿ ಸರಿಯುವುದು ಅವನ ಕ್ರಮ.

ನನ್ನ ಮಟ್ಟಿಗೆ ಗಿಟಾರಿಗಿಂತ ದೊಡ್ಡದು ಅವನ ದನಿ. ಓವೆನ್ಸ್‌ನ ದನಿಯ ಮೇಲೆ ಟೆನರ್ ಸ್ಥಾಯಿಯಲ್ಲಿ ಡಾನ್ ಕೂಡಿಸುತ್ತಿದ್ದ ಮೇಲುದನಿಯಲ್ಲಿ ಉಸಿರು, ಉಚ್ಚಾರ, ಎಳೆತ ಎಲ್ಲವೂ ಒಂದೇ. ಎಲ್ಲಿ ಒಬ್ಬ ಮುಗಿದು ಇನ್ನೊಬ್ಬ ಆರಂಭವಾಗುತ್ತಾನೆಂದು ಬೇರ್ಪಡಿಸುವುದು ಕಷ್ಟ. 1963ರ ‘ಆ್ಯಕ್ಟ್ ನ್ಯಾಚುರಲಿ’ ಓವೆನ್ಸ್‌ನ ಮೊದಲ ಅಗ್ರಸ್ಥಾನದ ಹಾಡು. ಎರಡು ವರ್ಷದ ನಂತರ ಬೀಟಲ್ಸ್ ಅದನ್ನು ಹಾಡಿದರು. 1966ರಲ್ಲಿ ಈ ತಂಡ ಕಾರ್ನೆಗಿ ಹಾಲ್‌ನಲ್ಲಿ ಹಾಡಿತು. ಜಗತ್ತು ‘ಬಕ್ ಓವೆನ್ಸ್‌ನ ದನಿ’ ಎಂದು ಗುರುತಿಸಿದ್ದು ವಾಸ್ತವವಾಗಿ ಇಬ್ಬರ ದನಿಯನ್ನು.

ಹಾಗೆಂದು ಇದನ್ನು ಶೋಷಣೆಯ ಸರಳ ಕಥೆಯಾಗಿಸಲು ನನಗೆ ಮನಸ್ಸಿಲ್ಲ. ಓವೆನ್ಸ್ ತಂಡದ ಹೆಸರನ್ನು ತನ್ನ ಹೆಸರಿನ ಜೊತೆಗೆ ಅಚ್ಚು ಮಾಡಿಸಿದ; ಸ್ಟುಡಿಯೋಗೂ ತನ್ನ ವಾದಕರನ್ನೇ ಕರೆದೊಯ್ದ. ಹಲವು ಹಾಡುಗಳ ಕರ್ತೃತ್ವದಲ್ಲಿ ಡಾನ್‌ನ ಹೆಸರಿದೆ. 1965ರಲ್ಲಿ ‘ಬಕರೂ’ ಎಂಬ ಮಾತಿಲ್ಲದ, ಬರೀ ವಾದ್ಯದ ಕೃತಿ ಕಂಟ್ರಿ ಪಟ್ಟಿಯ ತುದಿಗೇರಿತು. ಆದರೆ 1970ರಲ್ಲಿ ಡಾನ್ ಮುಖ್ಯ ಗಾಯಕನಾಗಿ ಜಾರ್ಜ್ ಜೋನ್ಸ್‌ನ ಹಾಡುಗಳ ಒಂದು ಪೂರ್ಣ ಮುದ್ರಿಕೆಯನ್ನು ಸಿದ್ಧಪಡಿಸಿದ. ಅದು ಕೇಳುಗರಿಗೆ ಸಿಕ್ಕಿದ್ದು 2013ರಲ್ಲಿ. ಔದಾರ್ಯವಿದ್ದ ಯಜಮಾನನ ಮನೆಯಲ್ಲೂ ಪಕ್ಕದವನ ಸ್ವಂತ ದನಿ ನಲವತ್ತಮೂರು ವರ್ಷ ಪೆಟ್ಟಿಗೆಯಲ್ಲಿತ್ತು.

ಇನ್ನೊಂದು ಮೌನವನ್ನೂ ಹೇಳಬೇಕು. ‘ಬಕರೂ’ ಹೊರಬಂದ 1965ರಲ್ಲಿಯೇ, ಅದೇ ಕೌಂಟಿಯ ಡೆಲಾನೋದಲ್ಲಿ ಫಿಲಿಪಿನೋ ಕಾರ್ಮಿಕರು ದ್ರಾಕ್ಷಿತೋಟಗಳಲ್ಲಿ ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಸೀಸರ್ ಚಾವೆಸ್‌ನ ನಾಯಕತ್ವದ ಮೆಕ್ಸಿಕನ್ ಮೂಲದ ಕೂಲಿಗಾರರು ಸೇರಿಕೊಂಡರು. ಮೂವತ್ತು ವರ್ಷಗಳ ಹಿಂದೆ ಅದೇ ಕಣಿವೆಯಲ್ಲಿ ಹೊಲದ ಕೂಲಿಗಳಾಗಿದ್ದವರ ಮಕ್ಕಳ ಸಂಗೀತದಲ್ಲಿ ಈ ಹೊಸ ಕೂಲಿಗಳು ನನಗೆ ಎಲ್ಲೂ ಕೇಳಿಸುವುದಿಲ್ಲ. ಒಂದು ವಲಸೆ ನೆಲೆಯೂರಿದ ಮೇಲೆ ಮುಂದಿನ ವಲಸೆಯನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಇಲ್ಲಿ ಕುಳಿತಿರುವ ನಮಗೂ ದೂರದ್ದಲ್ಲ.

1974ರ ಜುಲೈ 17ರಂದು, ಸ್ಟುಡಿಯೋದ ಕೆಲಸ ಮುಗಿಸಿ ರಜೆಯಲ್ಲಿದ್ದ ಕುಟುಂಬವನ್ನು ಸೇರಲು ಕಡಲತೀರದ ಕಡೆ ಮೋಟಾರ್‌ಸೈಕಲ್ಲಿನಲ್ಲಿ ಹೊರಟ ಡಾನ್ ಮೊರೋ ಬೇ ಬಳಿ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ ಮೂವತ್ತೆರಡು. ಅಂದೇ ಓವೆನ್ಸ್‌ನ ಸಂಗೀತವೂ ಮುಗಿಯಿತೆಂಬ ಮಾತಿದೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. 1969ರಿಂದ ‘ಹೀ ಹಾ’ ಎಂಬ ದೂರದರ್ಶನದ ಹಾಸ್ಯಕಾರ್ಯಕ್ರಮ ಹಳ್ಳಿಗರನ್ನು ನಗೆಪಾಟಲು ಮಾಡುತ್ತ ಅವನ ಹಾಡಿನ ಗಾಂಭೀರ್ಯವನ್ನು ಸವೆಸಿತ್ತು. 1972ರ ಬಳಿಕ ಅವನ ಹಾಡುಗಳು ಅಗ್ರಸ್ಥಾನ ಕಂಡಿರಲಿಲ್ಲ. ಆದರೂ ಮತ್ತೆ ಅಲ್ಲಿಗೇರಲು 1988 ಬರಬೇಕಾಯಿತು, ಆಗ ಪಕ್ಕದಲ್ಲಿ ಡ್ವೈಟ್ ಯೋಕಮ್ ಎಂಬ ಇನ್ನೊಂದು ದನಿ ಬೇಕಾಯಿತು.

ಮಾತು ಸಾಕು. ಈಗ ‘ಬಕರೂ’ವನ್ನು ಕೇಳೋಣ, ಎರಡೇ ನಿಮಿಷ. ಯಾರೂ ಹಾಡುವುದಿಲ್ಲ, ಕಾಯಬೇಡಿ, ಮೊದಲಿನಿಂದಲೇ ಗಿಟಾರನ್ನು ಹಿಡಿಯಿರಿ.