ಒಂದು ಷಡ್ಜ, ಮೂರು ಕಾರ್ಡ್

ಹಾರ್ಮೋನಿಯಂ ಮೇಲೆ ಸರಳೆ ವರಸೆ ನುಡಿಸಿದವರಿಗೆ ಪಿಯಾನೊ ತೀರಾ ಅಪರಿಚಿತವಲ್ಲ. ಎರಡು ಕಪ್ಪು, ಮೂರು ಕಪ್ಪು, ಮತ್ತೆ ಎರಡು ಎಂಬ ಅದೇ ಜೋಡಣೆ ಇಲ್ಲಿಯೂ ಇದೆ. ಉದ್ದ ಮಾತ್ರ ಹೆಚ್ಚು. ಒಟ್ಟು 88 ಮನೆ, ಅದರಲ್ಲಿ 52 ಬಿಳಿ, 36 ಕಪ್ಪು. ಎರಡು ಕಪ್ಪು ಮನೆಗಳ ಎಡಕ್ಕೆ ಅಂಟಿಕೊಂಡ ಬಿಳಿ ಮನೆಯೇ ಸಿ. ಅದನ್ನು ಷಡ್ಜವೆಂದು ಹಿಡಿದು, ಒಂದು ಬಿಟ್ಟು ಒಂದರಂತೆ ಮೂರು ಬಿಳಿ ಮನೆ ಒತ್ತಿದರೆ ಸಿ, ಇ, ಜಿ, ಅಂದರೆ ಸ, ಗ, ಪ, ಒಟ್ಟಿಗೆ ನುಡಿಯುತ್ತವೆ. ಇದೇ ಸಿ ಮೇಜರ್ ಕಾರ್ಡ್. ಹೆಬ್ಬೆರಳು, ನಡುಬೆರಳು, ಕಿರುಬೆರಳು ಸಾಕು. ಮೊದಲ ದಿನವೇ ಕೈಗೆ ಬರುತ್ತದೆ.

ಕಷ್ಟ ಶುರುವಾಗುವುದು ಎರಡನೆಯ ಕಾರ್ಡಿಗೆ ಹೋಗುವಾಗ. ಈ ಉಪನ್ಯಾಸ ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ.

ಅದಕ್ಕೆ ಮೊದಲು ಕಾರ್ಡಿನ ಲೆಕ್ಕ. ಸಿ ಇಂದ ಇ ಗೆ ನಾಲ್ಕು ಅರ್ಧಸ್ವರ, ಇ ಇಂದ ಜಿ ಗೆ ಮೂರು. ಮೊದಲು ಮೂರು, ಆಮೇಲೆ ನಾಲ್ಕು ಮಾಡಿದರೆ ಮೈನರ್ ಕಾರ್ಡ್. ನಡುಬೆರಳು ಒಂದೇ ಒಂದು ಮನೆ ಎಡಕ್ಕೆ ಸರಿದು ಕಪ್ಪು ಮನೆಗೆ ಹೋದರಾಯಿತು, ಶಂಕರಾಭರಣದ ಗಾಂಧಾರ ಖರಹರಪ್ರಿಯದ ಗಾಂಧಾರವಾಗುತ್ತದೆ. ಅಂತರ ಗಾಂಧಾರಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಭಾವಭೇದವನ್ನು ಬಲ್ಲ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ತಂಬೂರಿಗೆ ಪಳಗಿದ ಕಿವಿ ಪಿಯಾನೊದ ಗಾಂಧಾರ ತುಸು ಏರಿದೆ ಎಂದು ತಕರಾರು ತೆಗೆಯಬಹುದು. ತಕರಾರು ನ್ಯಾಯವಾದದ್ದೇ. ಹನ್ನೆರಡೂ ಅರ್ಧಸ್ವರಗಳನ್ನು ಸಮವಾಗಿ ಹಂಚಿದ್ದರಿಂದ ಅದು ಸಹಜ ಗಾಂಧಾರಕ್ಕಿಂತ ಅರ್ಧಸ್ವರದ ನೂರರಲ್ಲಿ ಸುಮಾರು 14 ಭಾಗದಷ್ಟು ಮೇಲಿದೆ.

ಇನ್ನು ದಾಟುವ ವಿಷಯ. ಬಹಳ ಮಂದಿ ಹನ್ನೆರಡು ಮೇಜರ್, ಹನ್ನೆರಡು ಮೈನರ್ ಕಾರ್ಡುಗಳ ಪಟ್ಟಿ ಎದುರಿಗಿಟ್ಟುಕೊಂಡು ಬಾಯಿಪಾಠಕ್ಕೆ ಕೂರುತ್ತಾರೆ. ಪ್ರತಿ ಕಾರ್ಡಿಗೂ ಕೈ ಎತ್ತುವುದು, ಮನೆ ಹುಡುಕುವುದು, ಒತ್ತುವುದು. ಅಷ್ಟರಲ್ಲಿ ಲಯ ಕೈಬಿಟ್ಟು ಹೋಗಿರುತ್ತದೆ. ಇಪ್ಪತ್ನಾಲ್ಕರ ಬದಲು ನಾಲ್ಕೇ ಕಾರ್ಡ್ ಹಿಡಿದು, ಒಂದರಿಂದ ಇನ್ನೊಂದಕ್ಕೆ ಆದಷ್ಟು ಕಡಿಮೆ ಅಲುಗಾಡಿ ಹೋಗುವುದನ್ನು ಕಲಿಯುವುದೇ ಸರಿಯಾದ ದಾರಿ.

ಸಿ, ಇ, ಜಿ ಒತ್ತಿ ಹಿಡಿದಿರುವಾಗ ಕಿರುಬೆರಳನ್ನು ಮಾತ್ರ ಜಿ ಇಂದ ಎ ಗೆ ಸರಿಸಬೇಕು. ಸಿ, ಇ, ಎ: ಇದು ಎ ಮೈನರ್. ಈಗ ಇ ಯನ್ನು ಪಕ್ಕದ ಎಫ್‌ಗೆ ಸರಿಸಿದರೆ ಸಿ, ಎಫ್, ಎ: ಇದು ಎಫ್ ಮೇಜರ್. ಮೂರು ಕಾರ್ಡ್ ಆದರೂ ಹೆಬ್ಬೆರಳು ಸಿ ಬಿಟ್ಟು ಕದಲಲಿಲ್ಲ. ನಾಲ್ಕನೆಯದಾದ ಜಿ ಮೇಜರಿಗೆ ಮಾತ್ರ ಮೂರೂ ಬೆರಳು ಕೆಳಗಿಳಿದು ಬಿ, ಡಿ, ಜಿ ಹಿಡಿಯಬೇಕು. ಎಡಗೈ ಒಂದೊಂದೇ ಬೆರಳಿನಲ್ಲಿ ಸಿ, ಎ, ಎಫ್, ಜಿ ಎಂದು ಕೆಳಗಿನ ಆಧಾರ ಕೊಡುತ್ತಿದ್ದರೆ ಕೇಳಲು ತುಂಬಿದ ಸಂಗೀತ.

ಇಲ್ಲಿ ಕಿವಿಗೊಡಬೇಕಾದದ್ದು ಆ ಕದಲದ ಸಿ ಗೆ. ನಮ್ಮ ಸಂಗೀತದಲ್ಲಿ ಆಧಾರ ಷಡ್ಜ ನಿಂತಲ್ಲೇ ನಿಂತಿರುತ್ತದೆ, ರಾಗ ಅದರ ಸುತ್ತ ಸಂಚರಿಸುತ್ತದೆ. ಕಾರ್ಡುಗಳಲ್ಲಿ ಆಧಾರವೇ ಜಾಗ ಬದಲಿಸುತ್ತದೆ. ಅದೇ ಸಿ ಮೊದಲ ಕಾರ್ಡಿನಲ್ಲಿ ಷಡ್ಜ, ಎ ಮೈನರಿನಲ್ಲಿ ಸಾಧಾರಣ ಗಾಂಧಾರ, ಎಫ್‌ನಲ್ಲಿ ಪಂಚಮ. ಒತ್ತಿದ ಮನೆ ಒಂದೇ, ಬಣ್ಣ ಮೂರು. ಗ್ರಹಭೇದ ಗೊತ್ತಿರುವವರು ಇದನ್ನು ಬೇಗ ಹಿಡಿಯುತ್ತಾರೆ.

ಸಿ, ಇ, ಎ ಯಲ್ಲಿ ಎ ಮೇಲಿದ್ದರೂ ಅದು ಎ ಮೈನರೇ. ಹೀಗೆ ಸ್ವರಗಳ ಮೇಲುಕೆಳಗಿನ ಕ್ರಮ ಬದಲಾದರೂ ಕಾರ್ಡ್ ಅದೇ ಎಂಬ ತತ್ತ್ವವನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಫ್ರಾನ್ಸಿನ ಜಾನ್ ಫಿಲಿಪ್ ರಾಮೊ ಪ್ರಮುಖ. ಹಾರ್ಮನಿ ಕುರಿತ ಅವರ ಗ್ರಂಥ ಬಂದದ್ದು 1722ರಲ್ಲಿ.

ಕಾರ್ಡ್ ಕಲಿತರೆ ಶ್ರುತಿಜ್ಞಾನ ಕೆಡುತ್ತದೆ ಎಂಬ ಅಂಜಿಕೆ ಕೆಲವು ಸಂಗೀತದ ಮನೆಗಳಲ್ಲಿದೆ. ಅದಕ್ಕೆ ಉತ್ತರ ಮೈಸೂರಿನಲ್ಲೇ ಇದೆ. ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊ ನುಡಿಸುತ್ತಿದ್ದರು. ಲಂಡನ್ನಿನಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಅದೇ ಒಡೆಯರ್ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು.

ಅಭ್ಯಾಸದಲ್ಲಿ ಎರಡು ಎಚ್ಚರಿಕೆ. ಮೂರು ಸ್ವರದ ಕಾರ್ಡನ್ನು ತೀರಾ ಕೆಳಗಿನ ಸ್ಥಾಯಿಯಲ್ಲಿ ಒತ್ತಬಾರದು. ಅಲ್ಲಿ ಉಪಸ್ವರಗಳು ಒಂದಕ್ಕೊಂದು ತಾಕಿ ನಾದ ಕಲಸಿಹೋಗುತ್ತದೆ. ಕೈ ಹಾರ್ಮೋನಿಯಂನಿಂದ ಬಂದವರ ಎಡಗೈ ಇಷ್ಟು ದಿನ ತಿದಿ ಒತ್ತಿದೆಯೇ ಹೊರತು ಸ್ವರ ನುಡಿಸಿಲ್ಲ, ಹಾಗಾಗಿ ಅದಕ್ಕೆ ಬಲಗೈಗಿಂತ ಹೆಚ್ಚು ಸಮಯ ಕೊಡಬೇಕು.

ಈ ನಾಲ್ಕು ಕಾರ್ಡುಗಳ ನಡೆ ಬರೀ ಅಭ್ಯಾಸಪಾಠವಲ್ಲ. ಬೆನ್ ಇ. ಕಿಂಗ್ ಹಾಡಿ 1961ರಲ್ಲಿ ಹೊರಬಂದ ‘ಸ್ಟ್ಯಾಂಡ್ ಬೈ ಮಿ’ ನಿಂತಿರುವುದು ಇದರ ಮೇಲೆಯೇ, ಶ್ರುತಿ ಮಾತ್ರ ಎ. ಕೈಗೆ ಬಂದ ಮೇಲೆ ಕಲಿಯುವವರು ಇದನ್ನೇ ಜಿ ಶ್ರುತಿಗೆ ಒಯ್ಯಬಹುದು: ಜಿ ಬಿ ಡಿ, ಜಿ ಬಿ ಇ, ಜಿ ಸಿ ಇ. ಈ ಸಲವೂ ಮೂರು ಕಾರ್ಡಿಗೆ ಹೆಬ್ಬೆರಳು ಒಂದೇ ಮನೆಯಲ್ಲಿ. ನಾಲ್ಕನೆಯದಾದ ಡಿ ಮೇಜರಿನಲ್ಲಿ ಅದು ಎಫ್ ಶಾರ್ಪ್ ಎಂಬ ಕಪ್ಪು ಮನೆಗೆ ಇಳಿಯುತ್ತದೆ. ಆಗ ಬೆರಳು ಚಾಚುವ ಬದಲು ಇಡೀ ಕೈಯನ್ನೇ ಸ್ವಲ್ಪ ಒಳಕ್ಕೆ ತಳ್ಳಿದರೆ ಮಣಿಕಟ್ಟು ತಿರುಚುವುದಿಲ್ಲ.