ತೂಕದ ಹೊತ್ತು



ಗುಲಾಮಗಿರಿಯ ಚರಿತ್ರೆ ಹೇಳುವ ಸಿನಿಮಾಗಳ ಕುರಿತ ಮಾತನ್ನು ಕೊಡಗಿನ ಅಮ್ಮತ್ತಿಯಲ್ಲಿ ನಿಂತು ಅಮೆರಿಕದ ಹತ್ತಿ ಹೊಲದಿಂದ ಶುರುಮಾಡುತ್ತಿದ್ದೇನೆ. ಅದಕ್ಕೆ ಕಾರಣವಿದೆ. ಸ್ಟೀವ್ ಮೆಕ್‌ಕ್ವೀನ್ ನಿರ್ದೇಶಿಸಿದ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ (2013) ಚಿತ್ರದಲ್ಲಿ ಸಂಜೆಯ ಹೊತ್ತಿಗೆ ತಕ್ಕಡಿ ಬರುತ್ತದೆ. ಗುಲಾಮರು ಬಿಡಿಸಿ ತಂದ ಹತ್ತಿಯನ್ನು ಒಬ್ಬೊಬ್ಬರದಾಗಿ ತೂಗಿ, ಹೆಸರಿನ ಮುಂದೆ ಪೌಂಡಿನ ಲೆಕ್ಕ ಕೂಗುತ್ತಾರೆ. ಲೆಕ್ಕ ಕಡಿಮೆ ಬಂದವರಿಗೆ ಚಾಟಿಯೇಟು. ಎಲ್ಲರಿಗಿಂತ ಹೆಚ್ಚು ಬಿಡಿಸುವ ಪ್ಯಾಟ್ಸಿಗೂ ಚಾಟಿ ತಪ್ಪುವುದಿಲ್ಲ. 1841ರಲ್ಲಿ ಅಪಹರಣವಾಗಿ ಹನ್ನೆರಡು ವರ್ಷ ಗುಲಾಮನಾಗಿದ್ದ ಸಾಲೊಮನ್ ನಾರ್ಥಪ್, ಬಿಡುಗಡೆಯಾದ 1853ರಲ್ಲೇ ಪ್ರಕಟಿಸಿದ ಆತ್ಮಕಥೆ ಈ ಚಿತ್ರಕ್ಕೆ ಆಧಾರ. ಕಾಫಿ ಕುಯ್ಲಿನ ಸಂಜೆ ಹಣ್ಣಿನ ಚೀಲ ಹೊತ್ತು ತೂಕಕ್ಕೆ ಕಾಯುವ ಸಾಲನ್ನು ಕಂಡವರಿಗೆ ಆ ದೃಶ್ಯ ಪರದೇಶದ್ದು ಅನ್ನಿಸದು. ಇಂದಿನ ಕೂಲಿಯೂ ಅಂದಿನ ಗುಲಾಮಗಿರಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಚಾಟಿಯ ಹಿಂದೆ ಯಾವಾಗಲೂ ಒಂದು ಲೆಕ್ಕದ ಪುಸ್ತಕವಿರುತ್ತದೆ, ಆ ಪುಸ್ತಕವನ್ನು ತೋರಿಸಿದ ಸಿನಿಮಾವೇ ಗುಲಾಮಗಿರಿಯನ್ನು ಅರಿತ ಸಿನಿಮಾ ಎಂಬುದು ನನ್ನ ಮಾತು.

ಅದೇ ಚಿತ್ರದ ಇನ್ನೊಂದು ದೃಶ್ಯವನ್ನೂ ನೆನೆಯಬೇಕು. ಕುತ್ತಿಗೆಗೆ ಹಗ್ಗ ಬಿದ್ದ ಸಾಲೊಮನ್ ತುದಿಗಾಲನ್ನು ಕೆಸರಿಗೆ ಊರಿ ಉಸಿರು ಹಿಡಿದಿದ್ದಾನೆ. ಹಿನ್ನೆಲೆಯಲ್ಲಿ ಉಳಿದವರು ತಮ್ಮ ಪಾಡಿಗೆ ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳು ಆಡುತ್ತಾರೆ. ಕ್ಯಾಮೆರಾ ಕದಲುವುದಿಲ್ಲ. ಬದುಕುಳಿಯುವುದೆಂದರೆ ಎಷ್ಟು ಹೊತ್ತಿನ ಕೆಲಸವೆಂದು ನಮಗೆ ಗೊತ್ತಾಗುವುದು ಅಲ್ಲಿ.

ಈಗ ಕನ್ನಡಕ್ಕೆ ಬನ್ನಿ. ಗುಲಾಮರನ್ನು ತೆರೆಯ ಮೇಲೆ ತಂದ ನಮ್ಮ ಅತಿ ಜನಪ್ರಿಯ ಚಿತ್ರ ‘ಕೆಜಿಎಫ್’ (2018). ನರಾಚಿ ಗಣಿಯ ಕತ್ತಲು, ಧೂಳು, ಭಯ ಎಲ್ಲವೂ ಅಲ್ಲಿ ದೊಡ್ಡದಾಗಿವೆ. ಆದರೆ ಆ ಜನಕ್ಕೆ ಕಾಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ವೀರನೊಬ್ಬ ಬರುವತನಕ ಅವರ ಸಂಕಟವೆಲ್ಲ ಅವನ ಆಗಮನದ ಸಿದ್ಧತೆ. ನಿಜವಾದ ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ 1880ರಿಂದ ತಮಿಳು ಸೀಮೆಯ ದಲಿತರನ್ನು ನೆಲದಾಳಕ್ಕೆ ಇಳಿಸಿತು. ಅವರು ಸಂಘ ಕಟ್ಟಿದರು, ಮುಷ್ಕರ ಹೂಡಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ಬದುಕಿಗೆ ಯಾವ ವೀರನೂ ಬೇಕಾಗಿರಲಿಲ್ಲ.

‘ಚೋಮನ ದುಡಿ’ಯ ದಾರಿ ಬೇರೆ. ಶಿವರಾಮ ಕಾರಂತರ ಕಾದಂಬರಿ 1933ರದು. ಬಿ.ವಿ. ಕಾರಂತರ ಚಿತ್ರ 1975ರದು; ಸ್ವರ್ಣಕಮಲ ಪಡೆಯಿತು, ಚೋಮನಾದ ಎಂ.ವಿ. ವಾಸುದೇವರಾವ್ ಶ್ರೇಷ್ಠ ನಟರಾದರು. ನಾವು ಅದನ್ನು ನೆಲದ ಹಂಬಲದ ಕಥೆಯೆಂದು ಓದುತ್ತೇವೆ, ಸರಿಯೇ. ಆದರೆ ಕಥೆಯ ನಡುವೆ ಕಾಫಿ ತೋಟವಿದೆ. ಹಳೆಯ ಸಾಲ ತೀರಿಸಲು ಚೋಮನ ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮನೆಗೆ ಮರಳುವುದಿಲ್ಲ. ಇನ್ನೊಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ. ಸಾಲ ಮಾತ್ರ ಹಾಗೇ ಉಳಿದು, ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋಗುತ್ತಾಳೆ. ಅವಳ ಮೈಯ ಬೆಲೆಗೆ ಸಾಲ ಚುಕ್ತಾ ಆಗುತ್ತದೆ. ಚೋಮನ ದುಡಿಯ ಸದ್ದಿನ ಅಬ್ಬರದಲ್ಲಿ ಬೆಳ್ಳಿಯ ಈ ಲೆಕ್ಕ ನಮ್ಮ ವಿಮರ್ಶೆಗೆ ಸಾಕಷ್ಟು ಕೇಳಿಸಲಿಲ್ಲವೆಂಬ ಕೊರಗು ನನಗಿದೆ.

ಚಿತ್ರ ಸಿದ್ಧವಾದ ಅದೇ 1975ರ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಸುಗ್ರೀವಾಜ್ಞೆ ಹೊರಬಿತ್ತು, 1976ರಲ್ಲಿ ಕಾಯ್ದೆಯಾಯಿತು. ಅದಕ್ಕೂ ಬಹಳ ಹಿಂದೆ, ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಹೇಳಿದ್ದು 1843ರಲ್ಲಿ. ಮಡಿಕೇರಿಯಲ್ಲಿ ಫೌಲರ್ ಎಂಬಾತ ಕಾಫಿ ತೋಟ ತೆರೆದದ್ದು 1854ರಲ್ಲಿ. ಗುಲಾಮಗಿರಿ ಕಾಗದದ ಮೇಲೆ ಮುಗಿದ ಹೊತ್ತಿಗೆ ತೋಟಗಳಿಗೆ ಕೈಗಳು ಬೇಕಾದವು. ಒಡೆತನ ಹೋದ ಜಾಗಕ್ಕೆ ಮುಂಗಡ ಬಂತು. ಅದನ್ನು ಹಂಚಲು ಮೇಸ್ತ್ರಿ ಬಂದ, ಬರೆದಿಡಲು ರೈಟರ್ ಬಂದ.

ಈ ಮುಂಗಡವನ್ನು ಇಡೀ ಕಥೆಯ ಬೆನ್ನೆಲುಬಾಗಿಸಿದ ಚಿತ್ರ ತಮಿಳಿನದು. ಬಾಲಾ ಅವರ ‘ಪರದೇಸಿ’ (2013). ಪಿ.ಎಚ್. ಡೇನಿಯಲ್ ಬರೆದ ‘ರೆಡ್ ಟೀ’ (1969) ಕಾದಂಬರಿಯ ನೆರಳು ಅದರ ಮೇಲಿದೆ. ಕೂಲಿಗಳನ್ನು ಕರೆದೊಯ್ಯುವ ಕಂಗಾಣಿಯ ಮಾತು ನಂಬಿ ಹಳ್ಳಿಗೆ ಹಳ್ಳಿಯೇ ಚಹಾ ತೋಟಕ್ಕೆ ನಡೆಯುತ್ತದೆ. ಬಟವಾಡೆಯ ದಿನ ಕೈಗೆ ಬರುವುದು ಕೂಲಿಯಲ್ಲ, ಇನ್ನಷ್ಟು ಸಾಲ. ಕೊನೆಯಲ್ಲಿ ನಾಯಕನ ಹೆಂಡತಿಯೂ ಮಗುವೂ ಅವನನ್ನು ಹುಡುಕಿಕೊಂಡು ಅದೇ ತೋಟದೊಳಗೆ ಬರುತ್ತಾರೆ. ಬಿಡುಗಡೆ ಇಲ್ಲ. ಈ ಕೊನೆ ಪ್ರಾಮಾಣಿಕ.

ಅಮ್ಮತ್ತಿಯ ಸುತ್ತ ಇಂಥ ಸಿನಿಮಾಕ್ಕೆ ಬೇಕಾದದ್ದೆಲ್ಲ ಇದೆ, ಸಿನಿಮಾ ಮಾತ್ರ ಆಗಿಲ್ಲ. ಇಲ್ಲಿನ ಯರವ ಬುಡಕಟ್ಟಿನವರು ಗದ್ದೆಯೊಡೆಯರ ಗುಲಾಮರಾಗಿದ್ದರೆಂದು ಹತ್ತೊಂಬತ್ತನೇ ಶತಮಾನದ ಬರಹಗಳು ದಾಖಲಿಸಿವೆ. ಬ್ರಹ್ಮಗಿರಿಯ ಆಚೆ, ವಯನಾಡಿನಲ್ಲಿ, ಅವರನ್ನೇ ಅಡಿಯರೆನ್ನುತ್ತಾರೆ. ಮಾನಂದವಾಡಿಯ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಅಡಿಯರೂ ಪಣಿಯರೂ ದೇವಿಯ ಮುಂದೆ ‘ನಿಲ್ಪುಪಣ’ವೆಂಬ ಮುಂಗಡ ಹಿಡಿದು ವರ್ಷಕ್ಕೊಬ್ಬ ಧಣಿಗೆ ಕಟ್ಟುಬೀಳುತ್ತಿದ್ದರು. ಪಿ. ವತ್ಸಲಾ ಅವರ ಕಾದಂಬರಿಯಿಂದ ರಾಮು ಕಾರ್ಯಾಟ್ ಮಾಡಿದ ಮಲಯಾಳಂ ಚಿತ್ರ ‘ನೆಲ್ಲ್’ (1974) ತಿರುನೆಲ್ಲಿಯ ಆ ಜನರನ್ನು ತೆರೆಗೆ ತಂದಿತು. ಬೆಟ್ಟದ ಈಚೆ ಕನ್ನಡದ ಕ್ಯಾಮೆರಾ ಕೊಡಗಿಗೆ ಬಂದಾಗಲೆಲ್ಲ ಮಂಜನ್ನೂ ಜಲಪಾತವನ್ನೂ ನೋಡಿತು. ತೋಟದ ಕೂಲಿಗಳು ಇರುವ ಲೈನ್ ಮನೆಯ ಬಾಗಿಲು ತಟ್ಟಲಿಲ್ಲ.

ಜೀತ ರದ್ದತಿಯ ಕಾಯ್ದೆ ಬಂದ ಮೇಲೂ ಲೈನ್ ಮನೆಯವರ ಪಾಡು ಮುಗಿಯಲಿಲ್ಲ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕೆಂದಾದಾಗ ಕಟ್ಟಿಹಾಕಲು ಮುಂಗಡ ಬೇರೆ ಬೇಕಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯ ಕಾಡಂಚಿನಲ್ಲಿ ಕೆಡವಲಾದ ಐನೂರಕ್ಕೂ ಹೆಚ್ಚು ಗುಡಿಸಲುಗಳಲ್ಲಿ ಹಲವು, ತೋಟದ ಲೈನಿನಿಂದ ಹೊರಬಂದು ಸ್ವಂತ ಸೂರಿಗಾಗಿ ಕಾಯುತ್ತಿದ್ದವರವು.

ಈ ಜನ ಬದುಕುಳಿದ ಬಗೆ ತಿಳಿಯಬೇಕಾದರೆ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಬೇಕು. ಮೇ ತಿಂಗಳಲ್ಲಿ ಜೇನುಕುರುಬರು, ಯರವರು ವೇಷ ಕಟ್ಟಿ, ಸೋರೆಬುರುಡೆ, ಡಬ್ಬ ಬಡಿಯುತ್ತಾ ಬರುತ್ತಾರೆ. ಬೇಟೆಗೆಂದು ಕರೆದೊಯ್ದು ನಡುಕಾಡಿನಲ್ಲಿ ತಮ್ಮನ್ನು ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅಯ್ಯಪ್ಪನನ್ನು ಬಾಯ್ತುಂಬ ಬೈಯುತ್ತಾರೆ. ಎದುರು ಸಿಕ್ಕ ಸಾಹುಕಾರನಿಗೂ ರಿಯಾಯಿತಿ ಇಲ್ಲ. ಪ್ರವಾಸಿಗರ ಫೋನುಗಳು ಇದನ್ನು ವಿಚಿತ್ರವೆಂದು ಸೆರೆಹಿಡಿಯುತ್ತವೆ. ಕೈಬಿಟ್ಟವನನ್ನು ವರ್ಷಕ್ಕೊಮ್ಮೆ ಹೆಸರು ಹಿಡಿದು ಕೇಳುವ ಹಕ್ಕನ್ನು ಈ ಜನ ಯಾರಿಗೂ ಒತ್ತೆಯಿಟ್ಟಿಲ್ಲ. ‘ಕೆಜಿಎಫ್’ನ ಮೂಕ ಗುಂಪಿನ ಪಕ್ಕದಲ್ಲಿ ಈ ದನಿಯನ್ನಿಟ್ಟು ನೋಡಿ.

ಪಣಿಯ ಭಾಷೆಯಲ್ಲಿ ಮನೋಜ್ ಕಾನ ಮಾಡಿದ ‘ಕೆಂಜಿರ’ 2019ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದಿದೆ. ಯರವರ ರಾವುಲ ಭಾಷೆಯಲ್ಲೂ ಅಂಥ ಚಿತ್ರ ಆಗಬೇಕು, ಕಥೆಯನ್ನು ಅವರೇ ಕಟ್ಟಬೇಕು. ಅದಕ್ಕೂ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. ಜೀತ ರದ್ದತಿಯ ಸುಗ್ರೀವಾಜ್ಞೆ ಬಂದಾಗ ಹದಿನೈದು ವರ್ಷವಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಯಾರ ಮುಂಗಡ ಎಷ್ಟಿತ್ತು, ಅಪ್ಪನ ಸಾಲ ಮಗನ ಹೆಸರಿಗೆ ಹೇಗೆ ಬಂತು, ರಾತ್ರಿ ಲೈನಿನಲ್ಲಿ ಯಾವ ಹಾಡು ಹಾಡುತ್ತಿದ್ದರು ಎಂಬುದನ್ನು ಅವರದೇ ಭಾಷೆಯಲ್ಲಿ ಧ್ವನಿಮುದ್ರಿಸಿ ಇಡಬೇಕು. ಅಮ್ಮತ್ತಿಯ ಯರವ ಹುಡುಗ ಹುಡುಗಿಯರು ತಮ್ಮ ಅಜ್ಜಿಯ ಎದುರು ಫೋನು ಹಿಡಿದು ಕೂತರೆ ಈ ಮಳೆಗಾಲದಲ್ಲೇ ಆಗುವ ಕೆಲಸ ಇದು.