ಅಮೇರಿಕದ ಅಧಿಕಾರ ವಿಭಜನೆ: ಬರಹದಲ್ಲಿ ಒಂದು, ನಡೆಯಲ್ಲಿ ಒಂದು

(ವಾಚನಾಲಯದ ಚರ್ಚಾಕೂಟದಲ್ಲಿ ಕೊನೆಗೆ ಮಾಡಿದ ಭಾಷಣ)



ಎರಡು ಗಂಟೆಯ ಹೊತ್ತು ನಿಮ್ಮ ವಾದವನ್ನು ಕೇಳಿದೆ. ಒಂದು ಕಡೆಯವರು ಹೇಳಿದರು: "ಅಮೇರಿಕದಲ್ಲಿ ಅಧಿಕಾರವನ್ನು ಮೂರು ಪಾಲು ಮಾಡಿ ಮೂವರ ಕೈಗೆ ಕೊಟ್ಟಿದ್ದಾರೆ. ಅಲ್ಲಿ ಒಬ್ಬನ ದರ್ಬಾರು ನಡೆಯಲಾರದು." ಇನ್ನೊಂದು ಕಡೆಯವರು ಹೇಳಿದರು: "ಮೂರು ಪಾಲೂ ಕೊನೆಗೆ ಸೇರುವುದು ಹಣವಂತರ ಪೆಟ್ಟಿಗೆಗೇ. ಮಿಕ್ಕಿದ್ದೆಲ್ಲ ನಾಟಕ." ಇಬ್ಬರಿಗೂ ಚಪ್ಪಾಳೆ ಬಿತ್ತು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಅರ್ಧ ದಾರಿಯಲ್ಲೇ ನಿಂತರೆಂದು ನನ್ನ ಅಭಿಪ್ರಾಯ.

ನಾನು ಮೇಷ್ಟ್ರಾಗಿದ್ದಾಗ ಕರಿಹಲಗೆಯ ಮೇಲೆ ಮೂರು ಚೌಕ ಬರೆದು, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಹೆಸರಿಟ್ಟು, ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಆ ಚಿತ್ರವೇ ತಪ್ಪು. 1787ರಲ್ಲಿ ಆ ದೇಶದವರು ಬರೆದದ್ದು ಮೂರು ಬೇರೆ ಕೋಣೆಗಳನ್ನಲ್ಲ. ಕೂಡುಕುಟುಂಬದ ಕಣಜವನ್ನು ನೆನೆಯಿರಿ. ಬೀಗದ ಕೈ ಒಬ್ಬರ ಸೊಂಟದಲ್ಲಿ, ಅಳೆಯುವ ಸೇರು ಇನ್ನೊಬ್ಬರ ಕೈಯಲ್ಲಿ, ಲೆಕ್ಕದ ಪುಸ್ತಕ ಮತ್ತೊಬ್ಬರ ಹತ್ತಿರ. ಮೂವರೂ ಒಪ್ಪದೆ ಅಕ್ಕಿ ಹೊರಬರುವುದಿಲ್ಲ.

ಅಲ್ಲಿಯ ಕಾಂಗ್ರೆಸ್ಸು ಎಂದರೆ ಪಕ್ಷವಲ್ಲ, ಶಾಸನಸಭೆ. ಕಾಯಿದೆ ಮಾಡುವುದೂ ಬೊಕ್ಕಸದ ಹಣ ಕೊಡುವುದೂ ಅದರ ಕೆಲಸ. ಆ ಕಾಯಿದೆಯನ್ನು ರಾಷ್ಟ್ರಾಧ್ಯಕ್ಷರು ತಿರಸ್ಕರಿಸಬಹುದು. ಎರಡು ಸದನಗಳಲ್ಲೂ ಮೂರನೆಯ ಎರಡು ಭಾಗ ಮತ ಬಿದ್ದರೆ ಆ ತಿರಸ್ಕಾರವೂ ಬಿದ್ದುಹೋಗುತ್ತದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ಆರಿಸುವವರು ಅಧ್ಯಕ್ಷರು, ಒಪ್ಪಬೇಕಾದದ್ದು ಸೆನೆಟ್ಟು. ನಮ್ಮಲ್ಲಿ ಸಭೆಯ ವಿಶ್ವಾಸ ಹೋದರೆ ಮಂತ್ರಿಮಂಡಲ ಮನೆಗೆ ಹೋಗುತ್ತದೆ. ಅಲ್ಲಿ ಕಾಂಗ್ರೆಸ್ಸು ಮುನಿದರೂ ಅಧ್ಯಕ್ಷರು ನಾಲ್ಕು ವರ್ಷ ಕೂತಿರುತ್ತಾರೆ. ಜಗಳ ಹತ್ತಿದರೆ ಒಲೆಯೇ ಉರಿಯುವುದಿಲ್ಲ. 2018ರ ಡಿಸೆಂಬರಿನಲ್ಲಿ ಹಣ ಮಂಜೂರಾತಿಯ ಜಗಳದಿಂದ ಸರಕಾರದ ಎಷ್ಟೋ ಕಚೇರಿಗಳು 35 ದಿನ ಮುಚ್ಚಿದವು. ಸುಮಾರು 8 ಲಕ್ಷ ನೌಕರರಿಗೆ ಸಂಬಳ ನಿಂತಿತು. ದೊಡ್ಡವರ ಜಗಳದಲ್ಲಿ ಹಸಿದವರು ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈಗ ಗಿರಣಿಯವರಿಗೆ ತಿಳಿಯುವ ಒಂದು ಸಂಗತಿ ಹೇಳುತ್ತೇನೆ. 1952ರಲ್ಲಿ ಕೊರಿಯಾ ಯುದ್ಧ ನಡೆದಿತ್ತು. ಉಕ್ಕಿನ ಕಾರ್ಮಿಕರು ಕೂಲಿ ಹೆಚ್ಚಿಸಬೇಕೆಂದು ಕೇಳಿದರು. ಸರಕಾರವೇ ನೇಮಿಸಿದ ಮಂಡಲಿ, ಹೆಚ್ಚಿಸುವುದು ನ್ಯಾಯವೆಂದಿತು. ಉಕ್ಕಿನ ಬೆಲೆ ಏರಿಸಲು ಬಿಟ್ಟರೆ ಮಾತ್ರ ಕೊಡುತ್ತೇವೆಂದರು ಮಾಲೀಕರು. ಮುಷ್ಕರಕ್ಕೆ ಕೆಲವೇ ಗಂಟೆ ಉಳಿದಿರುವಾಗ, ಏಪ್ರಿಲ್ 8ರಂದು, ಅಧ್ಯಕ್ಷ ಟ್ರೂಮನ್ನರು ಉಕ್ಕಿನ ಕಾರ್ಖಾನೆಗಳನ್ನು ಸರಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಅಪ್ಪಣೆ ಮಾಡಿದರು. ಆ ರಾತ್ರಿಯೇ ಕಂಪನಿಗಳ ವಕೀಲರು ನ್ಯಾಯಾಧೀಶರ ಮನೆಬಾಗಿಲಿಗೆ ಹೋದರು. ಜೂನ್ 2ರಂದು ಸುಪ್ರೀಂ ಕೋರ್ಟು, ಕಾಂಗ್ರೆಸ್ಸಿನ ಕಾಯಿದೆಯಿಲ್ಲದೆ ಅಧ್ಯಕ್ಷರಿಗೆ ಈ ಅಧಿಕಾರವಿಲ್ಲವೆಂದು ತೀರ್ಪು ಕೊಟ್ಟಿತು. ಆರು ಮಂದಿ ಒಂದು ಕಡೆ, ಮೂವರು ಒಂದು ಕಡೆ. ಒಂಬತ್ತು ಮಂದಿಯೂ ಟ್ರೂಮನ್ನರೋ ಅವರದೇ ಪಕ್ಷದ ರೂಸ್‌ವೆಲ್ಟರೋ ನೇಮಿಸಿದವರು!

ಕಾರ್ಖಾನೆಗಳು ಮಾಲೀಕರಿಗೆ ಮರಳಿದವು. ಕಾರ್ಮಿಕರು ಹೊರಗೆ ಬಂದರು. ಮುಷ್ಕರ 53 ದಿನ ನಡೆಯಿತು. ಕೇಳಿದ್ದೆಲ್ಲ ಸಿಕ್ಕಲಿಲ್ಲವಾದರೂ ಕೂಲಿ ಏರಿತು.

"ನೋಡಿದಿರಾ, ಕೋರ್ಟು ಧನಿಗಳ ಕಡೆಯದೇ" ಎಂದು ಹಿಂದಿನ ಸಾಲಿನ ಗೆಳೆಯರು ತಲೆಯಾಡಿಸುತ್ತಿದ್ದಾರೆ. ಸ್ವಲ್ಪ ತಾಳಿ. ಇದೇ ಟ್ರೂಮನ್ನರು ಆರು ವರ್ಷ ಮುಂಚೆ ಏನು ಮಾಡಹೊರಟಿದ್ದರು? 1946ರ ಮೇ ತಿಂಗಳಲ್ಲಿ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ, ಅವರನ್ನು ಬಲಾತ್ಕಾರವಾಗಿ ಸೈನ್ಯಕ್ಕೆ ಸೇರಿಸಿ ದುಡಿಸಲು ಅಧಿಕಾರ ಕೊಡಿ ಎಂದು ಕಾಂಗ್ರೆಸ್ಸನ್ನು ಕೇಳಿದರು. ಕೆಳಸದನ ಅದೇ ದಿನ 306 ಮತಗಳಿಂದ ಒಪ್ಪಿತು. ವಿರೋಧ 13 ಮಾತ್ರ. ಸೆನೆಟ್ಟು ಒಪ್ಪಲಿಲ್ಲ. ಅಲ್ಲಿ ಅಡ್ಡ ನಿಂತವರಲ್ಲಿ ಒಬ್ಬರು ರಾಬರ್ಟ್ ಟಾಫ್ಟ್. ಕಾರ್ಮಿಕ ಸಂಘಗಳ ಕೈ ಕಟ್ಟಿದ 1947ರ ಟಾಫ್ಟ್-ಹಾರ್ಟ್ಲಿ ಕಾಯಿದೆಗೆ ಹೆಸರು ಕೊಟ್ಟವರು ಅವರೇ. ಆ ಕಾಯಿದೆಯನ್ನು ತಿರಸ್ಕರಿಸಿದವರು ಟ್ರೂಮನ್ನರೇ, ತಿರಸ್ಕಾರವನ್ನು ಮೀರಿ ಅದನ್ನು ಜಾರಿಗೆ ತಂದದ್ದು ಕಾಂಗ್ರೆಸ್ಸು.

ಇಲ್ಲಿ ಯಾರು ನಮ್ಮವರು, ಯಾರು ಪರರು? ಲೆಕ್ಕ ಹಾಕಿ ಹೇಳಿ ನೋಡೋಣ! ಕಾಯಿದೆಯಿಲ್ಲದೆ ಇಂದು ಗಿರಣಿಗೆ ಬೀಗ ಹಾಕುವ ಕೈ, ನಾಳೆ ಕಾರ್ಮಿಕನ ಕೊರಳಿಗೂ ಬಂದೀತು. ಆದ್ದರಿಂದ ಅಧ್ಯಕ್ಷ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಸಾಲದು. ಈ ಅಪ್ಪಣೆ ಮಾಡಲು ನಿನಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಬೇಕು.

ಕೋರ್ಟು ದೇವರೆಂದೂ ನಾನು ಹೇಳುವುದಿಲ್ಲ. 1935ರಲ್ಲಿ ಬ್ರೂಕ್ಲಿನ್ನಿನ ಷೆಕ್ಟರ್ ಸೋದರರೆಂಬ ಕೋಳಿ ವ್ಯಾಪಾರಿಗಳ ಮೊಕದ್ದಮೆಯಲ್ಲಿ, ರೂಸ್‌ವೆಲ್ಟರ ಕೈಗಾರಿಕಾ ನಿಯಮಗಳನ್ನೆಲ್ಲ ಅದು ಒಂದೇ ಪೆಟ್ಟಿಗೆ ಹೊಡೆದುಹಾಕಿತು. ಅದೇ ವರ್ಷ ಜುಲೈಯಲ್ಲಿ ಸಂಘ ಕಟ್ಟುವ ಹಕ್ಕಿನ ವ್ಯಾಗ್ನರ್ ಕಾಯಿದೆ ಬಂತು. ಇದೂ ಕೋರ್ಟಿನಲ್ಲಿ ಬೀಳುತ್ತದೆಂದು ನಂಬಿ ಎಷ್ಟೋ ಮಾಲೀಕರು ಅದನ್ನು ಲೆಕ್ಕಕ್ಕೇ ಇಡಲಿಲ್ಲ. 1936ರ ಚುನಾವಣೆಯಲ್ಲಿ ರೂಸ್‌ವೆಲ್ಟರು 48 ಸಂಸ್ಥಾನಗಳಲ್ಲಿ 46ನ್ನು ಗೆದ್ದರು. ಫ್ಲಿಂಟಿನ ಮೋಟಾರು ಕಾರ್ಮಿಕರು ಕಾರ್ಖಾನೆಯೊಳಗೇ 44 ದಿನ ಕೂತು, 1937ರ ಫೆಬ್ರವರಿಯಲ್ಲಿ ತಮ್ಮ ಸಂಘಕ್ಕೆ ಮನ್ನಣೆ ಪಡೆದರು. ಏಪ್ರಿಲ್ 12ರಂದು ಕೋರ್ಟು, ಸಂಘ ಕಟ್ಟಿದ್ದಕ್ಕಾಗಿ ಉಕ್ಕಿನ ಕಂಪನಿಯೊಂದು ಹೊರಹಾಕಿದ ಹತ್ತು ಕಾರ್ಮಿಕರ ಮೊಕದ್ದಮೆಯಲ್ಲಿ, ಐದಕ್ಕೆ ನಾಲ್ಕು ಮತದಿಂದ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಕೋರ್ಟಿನ ಮನಸ್ಸು ಏಕೆ ತಿರುಗಿತೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಇಷ್ಟಂತೂ ನಿಜ: ಕಾಗದದ ಮೇಲಿದ್ದ ಹಕ್ಕು ಕೈಗೆ ಬರಲು ಕಾಂಗ್ರೆಸ್ಸು, ಅಧ್ಯಕ್ಷ, ಕೋರ್ಟು ಮೂವರೂ ಬೇಕಾದರು, ಹೊರಗೆ ಸಂಘವೂ ಬೇಕಾಯಿತು.

ಆ ರೂಸ್‌ವೆಲ್ಟರನ್ನೂ ಅವರ ಪಕ್ಷದವರೇ ತಡೆದರು. ಕೋರ್ಟಿಗೆ ಆರು ಮಂದಿಯವರೆಗೆ ಹೊಸ ನ್ಯಾಯಾಧೀಶರನ್ನು ತುಂಬುವ ಅವರ ಮಸೂದೆ, ತಮ್ಮದೇ ಬಹುಮತವಿದ್ದ ಸೆನೆಟ್ಟಿನಲ್ಲಿ 1937ರ ಜುಲೈಯಲ್ಲಿ ಮೂಲೆ ಸೇರಿತು.

ಹಾಗಾದರೆ ಗೋಡೆ ಎಲ್ಲಿ ಕುಸಿಯಿತು? ಯುದ್ಧದಲ್ಲಿ. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು. ಆದರೆ ಅದು ವಿಧಿಪೂರ್ವಕ ಕೊನೆಯ ಬಾರಿ ಯುದ್ಧ ಸಾರಿದ್ದು 1942ರಲ್ಲಿ. ಕೊರಿಯಾಕ್ಕೆ ಟ್ರೂಮನ್ನರು ಕಾಂಗ್ರೆಸ್ಸನ್ನು ಕೇಳದೆಯೇ ದಂಡು ಕಳುಹಿಸಿದರು. ಉಕ್ಕಿನ ಕಾರ್ಖಾನೆಗೆ ಅಡ್ಡ ಬಂದ ಕೋರ್ಟು ರಣರಂಗಕ್ಕೆ ಅಡ್ಡ ಬರಲಿಲ್ಲ. ವಿಯೆಟ್ನಾಮಿನಲ್ಲಿ ಪೆಟ್ಟು ತಿಂದ ಮೇಲೆ, 1973ರಲ್ಲಿ, ನಿಕ್ಸನ್ನರ ತಿರಸ್ಕಾರವನ್ನು ಮೀರಿ ಕಾಂಗ್ರೆಸ್ಸು ಒಂದು ಕಾಯಿದೆ ಮಾಡಿತು: ಒಪ್ಪಿಗೆಯಿಲ್ಲದೆ ಹೂಡಿದ ಕಾಳಗ 60 ದಿನ ಮೀರಬಾರದು. ಆಮೇಲಿನ ಅಧ್ಯಕ್ಷರು ಅದರ ಸಂದಿಗೊಂದಿ ಹುಡುಕಿಕೊಂಡೇ ನಡೆದಿದ್ದಾರೆ. ಬಳಸದ ಕೀಲಿಕೈಗೆ ತುಕ್ಕು ಹಿಡಿಯುತ್ತದೆ. ಕಾಂಗ್ರೆಸ್ಸಿನಲ್ಲಿ ಅಧ್ಯಕ್ಷರ ಪಕ್ಷದವರೇ ತುಂಬಿದ್ದು, ಅವರ ಮಾತಿಗೆಲ್ಲ ಗೋಣು ಹಾಕಿದರೆ, ಕಾವಲುಗಾರನೇ ಮಲಗಿದ ಹಾಗೆ.

ಮೊದಲನೆಯ ಕಡೆಯವರಿಗೆ ನನ್ನ ಮಾತಿಷ್ಟು: ಬರೆದಿಟ್ಟ ಗೋಡೆ ತಾನಾಗಿ ಯಾರನ್ನೂ ಕಾಯುವುದಿಲ್ಲ. ತಮ್ಮ ಪಕ್ಷದವನಿಗೂ ಇಲ್ಲವೆನ್ನುವ ಮನುಷ್ಯರು ಅದರ ಹತ್ತಿರ ನಿಂತಿರಬೇಕು. ಎರಡನೆಯ ಕಡೆಯವರಿಗೆ ಒಂದೇ ಪ್ರಶ್ನೆ: ಇದೆಲ್ಲ ಬರೀ ನಾಟಕವಾಗಿದ್ದರೆ, ಆ ಧನಿಗಳು ವಕೀಲರನ್ನು ರಾತ್ರೋರಾತ್ರಿ ನ್ಯಾಯಾಧೀಶರ ಮನೆಗೆ ಏಕೆ ಓಡಿಸಿದರು? ಬಾಗಿಲು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಆ ಬಾಗಿಲುಗಳು ಎಷ್ಟು, ಯಾವುದರ ಕೀಲಿಕೈ ಯಾರ ಹತ್ತಿರವಿದೆ ಎಂಬುದು ದುಡಿಯುವವರಿಗೂ ಗೊತ್ತಿರಬೇಕು. ಅದಕ್ಕಾಗಿಯೇ ಈ ಚರ್ಚೆ.